ಮೂರು ತಲೆಮಾರಿನ ವ್ಯಾನು, ಒಂದು ಬಾಗಿಲು

ವರ್ಕ್‌ಶಾಪಿನ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಮೊದಲು ಕೇಳುವುದು ಎಂಜಿನ್ನಿನ ವಿಚಾರ. ಕೇಳಲಿ, ತಪ್ಪಿಲ್ಲ. ಆದರೆ ಕೊಚ್ಚಿಯಲ್ಲೂ ತಿರುವನಂತಪುರದಲ್ಲೂ ಒಂದೇ ಫ್ಯಾಮಿಲಿ ವ್ಯಾನಿನ ಮೂರು ತಲೆಮಾರುಗಳಿಗೆ ಆರೈಕೆ ಮಾಡಿ ನಿವೃತ್ತನಾದ ಮನುಷ್ಯ ನಾನು. ನನ್ನನ್ನು ಕೇಳಿದರೆ, ವ್ಯಾನಿನಲ್ಲಿ ಮೊದಲು ಕಲಿಯಬೇಕಾದ ಭಾಗ ಬಾಗಿಲು. ಎಂಜಿನ್ನು ಕೆಟ್ಟರೆ ಗಿರಾಕಿ ಫೋನು ಮಾಡುತ್ತಾನೆ. ಬಾಗಿಲು ಕೆಟ್ಟರೆ ಮನೆಮಂದಿಯೆಲ್ಲ ಸೇರಿ ಜಗಳಕ್ಕೇ ಬರುತ್ತಾರೆ.

ನಾನು ಕಾಸರಗೋಡಿನ ಕಡೆಯವನು. ಕನ್ನಡ ನನಗೆ ಬಂದದ್ದು ಶಾಲೆಗಿಂತ ಮೊದಲು ಅಜ್ಜನಿಂದ, ಅಜ್ಜನ ಜತೆ ಎಲೆಯಡಿಕೆ ಜಗಿಯುತ್ತ ಪಟ್ಟಾಂಗ ಹೊಡೆಯುತ್ತಿದ್ದ ಅವರ ವಾರಗೆಯವರಿಂದ. ಮಲಯಾಳ ಬಂದದ್ದು ಬಸ್‌ಸ್ಟ್ಯಾಂಡಿನಿಂದ. ಅಜ್ಜನ ಬಾಯಲ್ಲಿ ‘ಬಂಡಿ’ ಎಂದರೆ ಎತ್ತು ಕಟ್ಟಿದ್ದು ಮಾತ್ರ. ಕೊಚ್ಚಿಗೆ ಹೋದರೆ ಅಲ್ಲಿ ಸ್ಕೂಟರೂ ‘ವಂಡಿ’, ಬಸ್ಸೂ ವಂಡಿ, ರೈಲೂ ವಂಡಿ. ‘ಮಾತು ಬಲ್ಲವನಿಗೆ ಜಗಳವಿಲ್ಲ’ ಎಂದು ಅಜ್ಜ ಹೇಳುತ್ತಿದ್ದರು. ಸರ್ವಿಸ್ ಅಡ್ವೈಸರ್ ಎಂಬ ನನ್ನ ಕೆಲಸದ ಮುಕ್ಕಾಲು ಪಾಲು ಅದೇ. ಗಿರಾಕಿ ಹೇಳಿದ್ದು ಮೆಕ್ಯಾನಿಕ್‌ಗೆ ತಿಳಿಯಬೇಕು, ಮೆಕ್ಯಾನಿಕ್ ಮಾಡಿದ್ದು ಗಿರಾಕಿಗೆ ತಿಳಿಯಬೇಕು. ನಡುವೆ ನಿಂತವನಿಗೆ ಎರಡೂ ಕಡೆಯ ಬೈಗುಳ ತಿಳಿಯಬೇಕು.

ಕಂಪೆನಿಯ ಹೆಸರು ಇಲ್ಲಿ ಬೇಡ. ಜನ ಆ ವ್ಯಾನನ್ನು ಅದರ ಹೆಸರಿನಿಂದ ಕರೆದದ್ದೂ ಕಡಿಮೆ. ಎರಡು ಸಾವಿರದ ಆಚೀಚೆ ನಾನು ಕೊಚ್ಚಿಯ ಪಾಲಾರಿವಟ್ಟಂನ ವರ್ಕ್‌ಶಾಪಿನಲ್ಲಿದ್ದಾಗ ಬೀದಿಯಲ್ಲಿದ್ದದ್ದು ಮೊದಲ ತಲೆಮಾರು. ಮುಂದೆ ಮೂತಿಯೇ ಇಲ್ಲದೆ ಚೌಕವಾಗಿದ್ದುದರಿಂದ ಅದು ‘ರೊಟ್ಟಿ ವಂಡಿ’, ಅಂದರೆ ಬ್ರೆಡ್ಡಿನ ಹಾಗಿರುವ ಗಾಡಿ. ಎಂಜಿನ್ನು ಮುಂದಿನ ಸೀಟಿನ ಕೆಳಗೆ. ಆಯಿಲ್ ನೋಡಬೇಕೆಂದರೆ ಸೀಟು ಎತ್ತಬೇಕು. ಸೀಟಿನಲ್ಲಿ ಮಾವ ಕೂತಿದ್ದರೆ ಮೊದಲು ಮಾವನನ್ನು ಎಬ್ಬಿಸಬೇಕು. ಮೇ ತಿಂಗಳಲ್ಲಿ ಡ್ರೈವರನ ಕೆಳಗೆ ಒಲೆ ಉರಿದ ಹಾಗೆ. ಇಷ್ಟಾದರೂ ಜನಕ್ಕೆ ಅದರ ಮೇಲೆ ಪ್ರೀತಿ. ಯಾಕೆಂದರೆ ನೆಲ ತಗ್ಗು, ಎಡಗಡೆ ಜಾರುವ ಬಾಗಿಲು. ಒಂದು ಸಲ ‘ಸರ್ರ್’ ಎಂದು ಎಳೆದರೆ ಅಜ್ಜಿಯಿಂದ ಮೊಮ್ಮಗುವಿನ ತನಕ ಎಲ್ಲರೂ ಒಳಗೆ.

ನಮ್ಮ ವರ್ಕ್ಸ್ ಮ್ಯಾನೇಜರ್ ಕುರಿಯನ್ ಸಾರ್. ಅವರು ನನಗೆ ಕಲಿಸಿದ ಮೊದಲ ಪಾಠ, “ಆದ್ಯಂ ಆಳೆ ಕೇಳ್ಕ್, ಪಿನ್ನೆ ವಂಡಿ ನೋಕ್ಕ್.” ಮೊದಲು ಮನುಷ್ಯನ ಮಾತು ಕೇಳು, ಆಮೇಲೆ ಗಾಡಿ ನೋಡು. ನಾನು ತಲೆಯಾಡಿಸಿದೆನೇ ಹೊರತು ಅದರ ಬೆಲೆ ತಿಳಿದದ್ದು ಮೂನ್ನಾರಿನ ಬಾಗಿಲಿನಿಂದ.

ಕೊಚ್ಚಿಯ ಕಲೂರಿನ ಒಬ್ಬ ಬ್ಯಾಂಕ್ ಅಧಿಕಾರಿ, ಡಿಸೆಂಬರಿನಲ್ಲಿ ಮನೆಯವರನ್ನೆಲ್ಲ ತುಂಬಿಕೊಂಡು ಮೂನ್ನಾರಿಗೆ ಹೋಗಿದ್ದರು. ಬೆಳಗ್ಗೆ ನೋಡಿದರೆ ಬಾಗಿಲು ಜಾರುವುದಿಲ್ಲ. ಅವರು, ಮಗ, ಹೋಟೆಲಿನ ಮಾಣಿ ಎಲ್ಲರೂ ಎಳೆದದ್ದಾಯಿತು. ಕಡೆಗೆ ಅತ್ತೆಯವರನ್ನು ಹಿಂದಿನ ಡಿಕ್ಕಿ ಬಾಗಿಲಿನಿಂದ ಹತ್ತಿಸಿದ್ದಾರೆ. ಅತ್ತೆ ಪೆಟ್ಟಿಗೆಗಳ ನಡುವೆ ಕೂತು ಅಳಿಯನಿಗೆ ಮಂಗಳಾರತಿ ಮಾಡುವುದು ಫೋನಿನಲ್ಲಿ ನಮಗೂ ಕೇಳುತ್ತಿತ್ತು. ನಾನು ರೋಲರ್ ಮುರಿದಿರಬೇಕು, ಬೀಗ ಕಚ್ಚಿರಬೇಕು ಎಂದು ಏನೇನೋ ಹೇಳತೊಡಗಿದೆ. ಕುರಿಯನ್ ಸಾರ್ ಫೋನು ಕಿತ್ತುಕೊಂಡು ಒಂದೇ ಪ್ರಶ್ನೆ ಕೇಳಿದರು.

“ಹೊರಡುವ ಮುಂಚೆ ಬಾಗಿಲಿನ ಹಳಿಗೆ ಏನು ಹಚ್ಚಿದಿರಿ ಸಾರೇ?”

“ಶುದ್ಧ ವೆಳಿಚ್ಚೆಣ್ಣ. ನಮ್ಮ ತೋಟದ್ದೇ!”

ವೆಳಿಚ್ಚೆಣ್ಣ ಎಂದರೆ ತೆಂಗಿನೆಣ್ಣೆ. ಕೇರಳದಲ್ಲಿ ಅದು ತಲೆಗೂ ಆಗುತ್ತದೆ, ಮೀನಿಗೂ ಆಗುತ್ತದೆ, ಬಾಗಿಲಿಗೆ ಯಾಕೆ ಆಗಬಾರದು? ಕೊಚ್ಚಿಯ ಸೆಕೆಯಲ್ಲಿ ಆಗುತ್ತದೆ. ಮೂನ್ನಾರಿನ ಚಳಿಗೆ ಹೆಪ್ಪುಗಟ್ಟಿ ಮೇಣವಾಗುತ್ತದೆ. “ಬಿಸಿನೀರು ಹೊಯ್ಯಿರಿ,” ಎಂದರು ಸಾರ್. ಹೋಟೆಲಿನವರು ಚಾಯಕ್ಕೆ ಕಾಯಿಸಿದ್ದ ನೀರು ಹೊಯ್ದರು, ಬಾಗಿಲು ಸರಿಯಿತು, ಅತ್ತೆ ನಡುವಿನ ಸೀಟಿಗೆ ಬಂದರು. ಅಂದಿನಿಂದ ನಾನು ಗಾಡಿ ಮುಟ್ಟುವ ಮೊದಲು ಮನುಷ್ಯನನ್ನು ಮಾತಾಡಿಸಲು ಕಲಿತೆ.

ತಿರುವನಂತಪುರದಲ್ಲಿ ನಮ್ಮ ಡೀಲರು ಹೊಸ ಶಾಖೆ ತೆರೆದಾಗ ಕುರಿಯನ್ ಸಾರ್ ಅಲ್ಲಿಗೆ ಹೋದರು, ನನ್ನನ್ನೂ ಎಳೆದುಕೊಂಡು ಹೋದರು. ನಾನು ಹೇಳಹೊರಟದ್ದು ಅಲ್ಲಿ ಸಿಕ್ಕಿದ ಒಂದು ಮನೆಯವರ ಕತೆ.

ಒಂದು ದಿನ ರೊಟ್ಟಿ ವಂಡಿಯೊಂದು ಬಂದು ನಿಂತಿತು. ಒಳಗಿನಿಂದ ಒಬ್ಬ ಹೆಂಗಸಿನ ದನಿ, “ಎಷ್ಟ್ ಸಲ ಹೇಳೇನಿ ನಿನಗ, ಆ ಬಾಗಲಾ ಹಂಗ ಜಗ್ಗಬ್ಯಾಡ ಅಂತ!” ಕನ್ನಡ ಕೇಳಿ ನನ್ನ ಕಿವಿ ನೆಟ್ಟಗಾಯಿತು.

“ತಪ್ಪು ಬಾಗಿಲಿನದ್ದು ಅಮ್ಮ, ಮಗಳದ್ದಲ್ಲ,” ಎಂದೆ.

“ಅಯ್ಯ ಶಿವನ! ಕನ್ನಡದವರೇನ್ರೀ ನೀವು? ಯಾವೂರು?”

“ಕಾಸರಗೋಡು.”

“ಹೌದೇನು? ನಿಮ್ಮ ಕನ್ನಡ ಪುಸ್ತಕಾ ಓದಿದಂಗ ಐತಲ್ರೀ.”

“ನಿಮ್ಮದು ಬೈದ ಹಾಗೆ ಉಂಟು ಮಾರಾಯ್ರೆ,” ಎಂದೆ. ಆಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅಂದಿನಿಂದ ಆ ಮನೆಗೆ ನಾನು ‘ನಾರಾಯಣಪ್ಪಾರು’.

ಆಕೆಯ ಹೆಸರು ಗೌರಮ್ಮ, ಹಾವೇರಿ ಕಡೆಯವರು. ಗಂಡ ಬಸವರಾಜಪ್ಪನವರು ತುಂಬ ಎಂಬ ಕಡಲತೀರದ ಊರಿನ ರಾಕೆಟ್ ಕೇಂದ್ರದಲ್ಲಿ ವಿಜ್ಞಾನಿ, ಮಾತು ಕಡಿಮೆ. ಒಬ್ಬಳೇ ಮಗಳು ಶೈಲಾ, ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಳು. ಮಗುವಾಗಿದ್ದಾಗ ಪೋಲಿಯೊ ಆಗಿ ಎಡಗಾಲಿನಲ್ಲಿ ಬಲವಿಲ್ಲ. ಕಾಲಿಗೆ ಕಬ್ಬಿಣದ ಪಟ್ಟಿಯ ಆಸರೆ, ಕೈಯಲ್ಲೊಂದು ಕೋಲು. ಇಲ್ಲೇ ಬೆಳೆದವಳಾದ್ದರಿಂದ ತಾಯಿ ಕನ್ನಡದಲ್ಲಿ ಕೇಳಿದರೆ ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಉತ್ತರ. ಸಿಟ್ಟು ಬಂದರೆ ಮಾತ್ರ ಪೂರ್ತಿ ಮಲಯಾಳ.

ಅವಳು ವ್ಯಾನು ಹತ್ತುವ ಕ್ರಮವನ್ನು ನಾನು ಆ ದಿನ ನೋಡಿದೆ. ಬಾಗಿಲು ಪಕ್ಕಕ್ಕೆ ಜಾರುವುದರಿಂದ ಅವಳು ಹಿಂದೆ ಸರಿಯಬೇಕಾಗಿಲ್ಲ, ಗಾಡಿಗೆ ಒರಗಿಯೇ ನಿಲ್ಲಬಹುದು. ಕೋಲನ್ನು ಒಳಗೆ ಹಾಕಿ, ಮುಂದಿನ ಸೀಟಿನ ಬೆನ್ನು ಹಿಡಿದು, ಬಲಗಾಲು ಮೊದಲು ಇಟ್ಟು, ಎಡಗಾಲನ್ನು ಕೈಯಿಂದ ಎಳೆದುಕೊಂಡು ಸೀಟಿಗೆ ಬೀಳುವುದು. ಪಕ್ಕದಲ್ಲಿದ್ದವರು ಕೈ ಚಾಚಿದರೆ ಕಣ್ಣಿನಲ್ಲೇ ತಡೆಯುತ್ತಿದ್ದಳು. ಅವಳನ್ನು ಯಾರೂ ಎತ್ತಬಾರದು. ಕಾಲೇಜಿಗೆ ಹೋಗತೊಡಗಿದ ದಿನದಿಂದ ಅವಳ ಹಟ ಅದೊಂದೇ.

ನಾನು ಹಳಿಯ ಮರಳನ್ನೆಲ್ಲ ಬ್ರಶ್ಶಿನಿಂದ ತೆಗೆಸಿ, ಹೊಸ ರೋಲರ್ ಹಾಕಿಸಿ, ಒಂದು ಬೆರಳಿನಿಂದ ಎಳೆದರೆ ಸರಿಯುವಂತೆ ಮಾಡಿಸಿಕೊಟ್ಟೆ. ಅವಳು ಎಳೆದು ನೋಡಿ, “ಕೊಳ್ಳಾಂ, ಚೇಟ್ಟಾ,” ಎಂದಳು. ಚೆನ್ನಾಗಿದೆ ಅಣ್ಣಾ ಎಂದು. ಇಷ್ಟು ವರ್ಷವಾದರೂ ಮಲಯಾಳ ಹತ್ತದ ಗೌರಮ್ಮ ಗಾಬರಿಯಾಗಿ, “ಯಾರನ್ನ ಕೊಲ್ಲತಿ?” ಎಂದರು.

ಇಂಥದೇ ಇನ್ನೊಂದು ಮಾತು ಒಬ್ಬನ ಅನ್ನಕ್ಕೇ ಕುತ್ತು ತರುವುದರಲ್ಲಿತ್ತು. ಬಸವರಾಜಪ್ಪನವರಿಗೆ ಪುರುಸೊತ್ತಿಲ್ಲವೆಂದು ಅವರು ತುಂಬದ ಮೀನುಗಾರರ ಮನೆಯ ಆಂಟನಿ ಎಂಬವರನ್ನು ಡ್ರೈವರಾಗಿ ಇಟ್ಟುಕೊಂಡರು. ನಡುವಯಸ್ಸಿನ ಮನುಷ್ಯ, ಶೈಲಾಳನ್ನು ‘ಮೋಳೇ’, ಮಗಳೇ ಎಂದೇ ಕರೆಯುವುದು. ಅವಳ ಕೋಲು, ಅವಳ ಹಟ ಎರಡನ್ನೂ ಅರಿತವರು. ವಾರ ಕಳೆಯುವುದರೊಳಗೆ ಗೌರಮ್ಮನ ಫೋನು.

“ನಾರಾಯಣಪ್ಪಾರ, ಬ್ಯಾರೆ ಡ್ರೈವರ್ ನೋಡ್ರಿ. ಇಂವ ಕುಡುಕ ಅದಾನ.”

“ಎಂತ ಹೇಳುದು ಅಮ್ಮ? ಆಂಟನಿಯಾ?”

“ಮುಚ್ಚುಮರಿನೂ ಇಲ್ರೀ! ಬೆಳಬೆಳಗ್ಗೆ ನನ್ನ ಮುಂದ ನಿಂತು, ನಕ್ಕೋತ ಹೇಳ್ತಾನ, ಎಣ್ಣಿ ಹೊಡದು ಬರ್ತೇನಿ ಅಂತ! ಮಗಳ್ನ ಹೆಂಗ ಕಳಸೂದ್ರೀ ಇಂಥಾವನ ಕೂಡ?”

ನನಗೆ ನಗು ತಡೆಯಲಾಗಲಿಲ್ಲ. ‘ಎಣ್ಣ ಅಡಿಚ್ಚಿಟ್ಟು ವರಾಂ’ ಎಂದರೆ ಕೇರಳದಲ್ಲಿ ಪಂಪಿಗೆ ಹೋಗಿ ಪೆಟ್ರೋಲು ಹಾಕಿಸಿಕೊಂಡು ಬರುತ್ತೇನೆ ಎಂದು. ನಮ್ಮ ಕನ್ನಡದಲ್ಲಿ ಎಣ್ಣೆ ಹೊಡೆಯುವುದೆಂದರೆ ಏನೆಂದು ಎಲ್ಲರಿಗೂ ಗೊತ್ತು.

“ಅಮ್ಮ, ಆಂಟನಿ ಕುಡಿಯುದಲ್ಲ. ಕುಡಿಯುದು ನಿಮ್ಮ ವ್ಯಾನು,” ಎಂದೆ.

ಆಂಟನಿಯ ಎಣ್ಣೆ ಯಾವುದೆಂದು ಬಿಡಿಸಿ ಹೇಳಿದೆ. ಆಮೇಲೆ, “ಹಂಗಂದ್ರ ಇನ್ನ ಮ್ಯಾಲ ಪೆಟ್ರೋಲ್ ಅಂತ ಹೇಳಾಕ ಹೇಳ್ರಿ. ಓಣ್ಯಾಗ ನಾಕ್ ಮಂದಿ ಕನ್ನಡದವರು ಅದಾರ,” ಎಂದರು. ಆಂಟನಿ ಉಳಿದರು. ಹೊಸಬರಿಗೆ ನಾನು ಹೇಳುವುದಿಷ್ಟೇ: ಗಿರಾಕಿ ಯಾವ ಊರಿನ ಕಿವಿಯಿಂದ ಕೇಳುತ್ತಾರೆ ಎಂಬುದನ್ನೂ ಗಮನದಲ್ಲಿಡಿ.

ಅಷ್ಟರಲ್ಲಿ ಎರಡನೆಯ ತಲೆಮಾರು ಬಂತು. ಅದನ್ನು ನೋಡಿ ಜನ ‘ಆನ’ ಎಂದರು, ಆನೆಯೇ. ಎಂಜಿನ್ನು ಸೀಟಿನ ಕೆಳಗಿನಿಂದ ಎದ್ದು ಮುಂದೆ ಬಾನೆಟ್ಟಿನೊಳಗೆ ಹೋಗಿತ್ತು. ಡಿಕ್ಕಿಯಾದರೆ ಮೊದಲ ಪೆಟ್ಟು ತಿನ್ನುವುದು ಲೋಹ, ಡ್ರೈವರನ ಮೊಣಕಾಲಲ್ಲ. ಡೀಸೆಲ್, ಪವರ್ ಸ್ಟಿಯರಿಂಗ್, ಹಿಂದಿನ ಸಾಲಿಗೂ ಎಸಿ. ತಿರುವನಂತಪುರದಿಂದ ಕೊಚ್ಚಿಗೆ ಹೋದರೆ ಸೊಂಟ ಸೊಂಟವಾಗಿಯೇ ಉಳಿಯುತ್ತಿತ್ತು. ಮೆಕ್ಯಾನಿಕ್‌ಗಳಿಗಂತೂ ಹಬ್ಬ, ಸೀಟು ಎತ್ತುವ ಕಷ್ಟ ತಪ್ಪಿತು. ಒಳ್ಳೆಯದೇ ಎಲ್ಲ. ಆದರೆ ಗಟ್ಟಿಮುಟ್ಟಾದ ಉಕ್ಕಿನ ಚೌಕಟ್ಟಿನ, ಅಂದರೆ ಚಾಸಿಯ ಮೇಲೆ ಕೂರಿಸಿದ್ದರಿಂದ ನೆಲ ಎತ್ತರವಾಯಿತು. ಜಾರುವ ಬಾಗಿಲು ಹೋಗಿ ಕಾರಿನ ಹಾಗೆ ಹೊರಕ್ಕೆ ತೆರೆಯುವ ಬಾಗಿಲು ಬಂತು.

ಶೈಲಾಗೆ ಊರಂಚಿನ ಕಳಕ್ಕೂಟಂನ ಐಟಿ ಪಾರ್ಕಿನಲ್ಲಿ ಕೆಲಸ ಸಿಕ್ಕಿ ತರಬೇತಿಗೆಂದು ಚೆನ್ನೈಗೆ ಹೋಗಿದ್ದಳು. ಅದೇ ಸಮಯಕ್ಕೆ ತುಂಬದ ಉಪ್ಪುಗಾಳಿ ಅವರ ರೊಟ್ಟಿ ವಂಡಿಯ ನೆಲವನ್ನು ತಿಂದು ಮುಗಿಸಿತು. ಹಳಿ ಕೂರಿಸಲು ಗಟ್ಟಿ ತಗಡೇ ಉಳಿದಿರಲಿಲ್ಲ. ಮಗಳು ದಿನಾ ಹೆದ್ದಾರಿಯಲ್ಲಿ ಓಡಾಡುವವಳು, ಸುರಕ್ಷಿತವಾದದ್ದು ಇರಲಿ ಎಂದು ಬಸವರಾಜಪ್ಪನವರು ಆನೆಯನ್ನು ಕೊಂಡರು. ಅವಳು ಬಂದಾಗ ಅಚ್ಚರಿಪಡಿಸಬೇಕೆಂಬುದು ತಂದೆಯ ಆಸೆ.

ಅಚ್ಚರಿ ವರ್ಕ್‌ಶಾಪಿನ ಅಂಗಳದಲ್ಲೇ ಆಯಿತು. ಅವಳು ಬಾಗಿಲು ತೆರೆದಳು. ಬಾಗಿಲು ಅವಳನ್ನೇ ಹಿಂದಕ್ಕೆ ತಳ್ಳಿತು. ಸುಧಾರಿಸಿಕೊಂಡು ಬಲಗಾಲು ಎತ್ತಿದಳು, ನೆಲ ಸಿಗಲಿಲ್ಲ. ಹಿಡಿಯಲು ಸೀಟಿನ ಬೆನ್ನು ದೂರ. ಮತ್ತೆ ಎತ್ತಿದಳು, ಕೋಲು ಜಾರಿತು. ಆಂಟನಿ ಓಡಿಬಂದು ತೋಳು ಹಿಡಿದರು.

“ಎನ್ನೆ ಆರುಂ ಪೊಕ್ಕಂಡಾ!” ಎಂದು ಕೂಗಿದಳು. ನನ್ನನ್ನು ಯಾರೂ ಎತ್ತಬೇಡಿ. ಇಡೀ ವರ್ಕ್‌ಶಾಪು ತಿರುಗಿ ನೋಡಿತು. ಕೆಲಸಕ್ಕೆ ಸೇರಲು ಉಳಿದಿದ್ದದ್ದು ಒಂದು ವಾರ. ದಿನಾ ಬೆಳಗ್ಗೆ ಮೂಟೆಯ ಹಾಗೆ ಎತ್ತಿಸಿಕೊಂಡು ಹೋಗುವುದಾದರೆ ಆ ಕೆಲಸವೇ ಬೇಡ ಎಂದು ಅವಳು. ಬೇಡವಾದರೆ ಬೇಡ, ಮನೆಯಲ್ಲಿರು ಎಂದು ಗೌರಮ್ಮ. ಮಗಳ ಬಾಯಿಂದ ಬಂದ ‘ಬೇಡ’ ಬೇರೆ, ತಾನು ಹೇಳಿದ ‘ಬೇಡ’ ಬೇರೆ ಎಂದು ತಾಯಿಗೂ ಗೊತ್ತಿತ್ತು, ಕಣ್ಣು ಒರೆಸಿಕೊಂಡರು.

ಬಸವರಾಜಪ್ಪನವರು ನನ್ನ ಹತ್ತಿರ ಬಂದು ಮೆಲ್ಲಗೆ, “ಏನರ ಮಾಡಾಕ ಬರ್ತೈತೇನ್ರೀ?” ಎಂದರು. ಅವರು ನನ್ನ ಹತ್ತಿರ ಆಡಿದ ಅತಿ ಉದ್ದದ ಮಾತು ಅದು.

ಕಬ್ಬಿಣದ ಮೆಟ್ಟಿಲು ಬೆಸುಗೆ ಹಾಕೋಣ ಎಂದೆ ನಾನು. ಕುರಿಯನ್ ಸಾರ್ ಒಪ್ಪಲಿಲ್ಲ. “ಚಾಸಿಗೆ ಬೆಂಕಿ ತಾಗಿಸಿದರೆ ಅಲ್ಲೇ ಬಲ ಹೋಗುತ್ತದೆ ನಾರಾಯಣಾ. ಅವಳನ್ನು ಹತ್ತಿಸಲು ಹೋಗಿ ದಾರಿಯಲ್ಲಿ ಬೀಳಿಸಬೇಕೇ?” ಸರಿಯೇ. ಬೋಲ್ಟಿನಿಂದ ಕೂರಿಸುವ ಮೆಟ್ಟಿಲು ತರಿಸಿದೆವು. ಶೈಲಾ ನೋಡಿ ಆಗದೆಂದು ತಲೆಯಾಡಿಸಿದಳು. “ಕಾಲಿಡಾಕ ಜಾಗಾ ಮಾಡೀರಿ, ಕೋಲು ಎಲ್ಲಿ ಊರ್ಲಿ?” ಮೆಟ್ಟಿಲು ಹೊರಚಾಚಿದ್ದರಿಂದ ಅವಳು ಗಾಡಿಯಿಂದ ಇನ್ನಷ್ಟು ದೂರ ನಿಲ್ಲಬೇಕಾಗಿತ್ತು. ಬಿಚ್ಚಿಸಿದೆವು. ಯಾರೋ ಸ್ಟೂಲು ತಂದಿಟ್ಟರು. ಸ್ಟೂಲಿನ ಮೇಲೆ ಹತ್ತಿ ಒಳಗೆ ಹೋದಳು! ನಾವೆಲ್ಲ ಚಪ್ಪಾಳೆ ತಟ್ಟುವುದರಲ್ಲಿದ್ದೆವು. ಅವಳು ಒಳಗಿನಿಂದ, “ನಾನು ಒಳಗ ಬಂದೆ. ಸ್ಟೂಲ್ ಹೊರಗ ಉಳೀತು. ಆಫೀಸಿನ್ಯಾಗ ಹೆಂಗ ಇಳೀಲಿ?” ಎಂದಳು.

ಅದಕ್ಕೂ ಉಪಾಯ ಅವಳದೇ. ಆಂಟನಿಯವರಲ್ಲಿ ಬಲೆಯ ನೈಲಾನ್ ಹಗ್ಗ ಕೇಳಿ, ಸ್ಟೂಲಿನ ಕಾಲಿಗೆ ಕಟ್ಟಿ, ತಾನು ಹತ್ತಿದ ಮೇಲೆ ಬಾವಿಯಿಂದ ಕೊಡ ಸೇದುವ ಹಾಗೆ ಅದನ್ನು ಒಳಗೆ ಸೇದಿಕೊಂಡಳು. ಸೋಮವಾರ ಕೆಲಸಕ್ಕೆ ಹೋದಳು.

ಹೋದಳು ನಿಜ, ಸುಖವಾಗಿ ಹೋಗಲಿಲ್ಲ. ಮಳೆಗಾಲದಲ್ಲಿ ಸ್ಟೂಲು ಕೆಸರಿನಲ್ಲಿ ಜಾರುತ್ತಿತ್ತು. ಐಟಿ ಪಾರ್ಕಿನ ಬಾಗಿಲಲ್ಲಿ ಜನ ನಿಂತು ನೋಡುತ್ತಿದ್ದರು. ಒಮ್ಮೆ ಸರ್ವಿಸಿಗೆ ಬಂದಾಗ ಕೇಳಿದೆ, ಹೇಗಿದೆ ಮಗಳೇ ಎಂದು. “ಹತ್ತೂದು ಆಗ್ತೈತಿ ಚೇಟ್ಟಾ. ಆದ್ರ ದಿನಾ ಮೆರವಣಿಗಿ,” ಎಂದಳು. ನಗುತ್ತಲೇ ಹೇಳಿದಳು, ನನಗೆ ನಗು ಬರಲಿಲ್ಲ.

ಕೆಲವು ಕಾಲದ ಮೇಲೆ ಕಂಪೆನಿಯವರು ಮುಂದಿನ ಮಾದರಿಗೆಂದು ಗಿರಾಕಿಗಳ ಅಭಿಪ್ರಾಯ ಕೇಳಲು ಕೊಚ್ಚಿಯ ಕಲೂರಿನ ಒಂದು ಸಭಾಂಗಣದಲ್ಲಿ ಸಭೆ ಕರೆದರು. ತಿರುವನಂತಪುರದಿಂದ ಯಾರನ್ನು ಕರೆದೊಯ್ಯಲಿ ಎಂದು ನಾನು ಕೇಳಿದಾಗ ಕುರಿಯನ್ ಸಾರ್, “ಮತ್ತಾರನ್ನು? ಸ್ಟೂಲಿನ ಹುಡುಗಿಯನ್ನು,” ಎಂದರು. ಆಂಟನಿ ಗಾಡಿ ಓಡಿಸಿದರು.

ಸಭೆಯಲ್ಲಿ ಒಬ್ಬರಿಗೆ ಮೈಲೇಜು ಬೇಕು, ಒಬ್ಬರಿಗೆ ಮಕ್ಕಳಿಗೆ ಟಿವಿ ಬೇಕು, ಒಬ್ಬರಿಗೆ ಚಾಯದ ಲೋಟ ಇಡಲು ಗೂಡು ಬೇಕು. ಶೈಲಾ ಎದ್ದು, ಹತ್ತಲು ಸುಲಭವಿರಬೇಕು ಎಂದಳು. ಕಂಪೆನಿಯ ಎಂಜಿನಿಯರ್ ಮರ್ಯಾದಸ್ಥನೇ, ಮೆತ್ತಗೆ ಕೇಳಿದ, “ನಿಮ್ಮಂಥ ಗಿರಾಕಿಗಳು ಎಷ್ಟು ಜನ ಇರಬಹುದು ಮೇಡಂ?”

ಅವಳು ಸಭಾಂಗಣದ ಸುತ್ತ ಒಮ್ಮೆ ನೋಡಿದಳು. “ಇಲ್ಲಿ ಕೂತವರಲ್ಲಿ ವಯಸ್ಸಾಗದವರು ಯಾರು? ಹೊರಗೆ ಒಂದು ವ್ಯಾನು ನಿಂತಿದೆ. ಅರುವತ್ತು ದಾಟಿದವರೆಲ್ಲ ಒಮ್ಮೆ ಹತ್ತಿ ತೋರಿಸಲಿ. ನೀವು ಅವರ ಕೈ ನೋಡಿ.”

ಎಲ್ಲರೂ ನಗುತ್ತ ಹೊರಗೆ ಬಂದರು. ಒಬ್ಬ ನಿವೃತ್ತ ಹೆಡ್‌ಮಾಸ್ಟರು ಪಂಚೆ ಎತ್ತಿ ಕಟ್ಟಿ ಕಾಲಿಟ್ಟರು. ಅವರ ಕೈ ಗಾಳಿಯಲ್ಲಿ ಏನನ್ನೋ ಹುಡುಕಿ ಕೊನೆಗೆ ಸೀಟ್‌ಬೆಲ್ಟಿಗೆ ಜೋತುಬಿತ್ತು. ಒಬ್ಬರು ಅಮ್ಮಚ್ಚಿ, ಕ್ರೈಸ್ತ ಅಜ್ಜಿ, ಸೀರೆಯ ನೆರಿಗೆ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಬಾಗಿಲಿಗೇ ಆತುಕೊಂಡರು, ಬಾಗಿಲು ತೂಗಿತು, “ಎಂಡೆ ಮಾದಾವೇ!” ಎಂದು ಮೇರಿ ಮಾತೆಯನ್ನು ಕೂಗಿ ಎಂಜಿನಿಯರನ ಹೆಗಲನ್ನೇ ಹಿಡಿದರು. ಒಬ್ಬರ ಹಿಂದೆ ಒಬ್ಬರು. ಎಲ್ಲರ ಕೈಯೂ ಒಂದೇ ಜಾಗದಲ್ಲಿ, ಎರಡು ಬಾಗಿಲುಗಳ ನಡುವಿನ ಕಂಬದಲ್ಲಿ, ಅಲ್ಲಿಲ್ಲದ ಒಂದು ಹಿಡಿಯನ್ನು ತಡಕಾಡುತ್ತಿತ್ತು. ನಗು ಮೆಲ್ಲಗೆ ನಿಂತಿತು. ಎಂಜಿನಿಯರ್ ಟೇಪು ತರಿಸಿ, ಇಸ್ತ್ರಿ ಪ್ಯಾಂಟಿನಲ್ಲೇ ನೆಲಕ್ಕೆ ಕೂತು ಅಳೆಯತೊಡಗಿದ. ಊಟಕ್ಕೆ ಕರೆದರೂ ಏಳಲಿಲ್ಲ.

ಆ ದಿನದಿಂದಲೇ ಎಲ್ಲ ಬದಲಾಯಿತು ಎಂದು ನಾನು ಹೇಳಲಾರೆ. ಅಂಥ ಸಭೆಗಳು ಎಷ್ಟೋ ಊರುಗಳಲ್ಲಿ ನಡೆದಿರಬೇಕು, ಎಷ್ಟೋ ಜನ ಹೇಳಿರಬೇಕು.

ದಶಕ ಮುಗಿಯುವ ಹೊತ್ತಿಗೆ ಮೂರನೆಯ ತಲೆಮಾರು ಬಂತು. ಇದರಲ್ಲಿ ಕಂಪ್ಯೂಟರಿನದೇ ಕಾರುಬಾರು. ಕಿವಿಯಿಂದ ರೋಗ ಹಿಡಿಯುತ್ತೇನೆಂಬ ಹೆಮ್ಮೆ ನನಗಿತ್ತು. ಒಂದು ಗಾಡಿಯ ಶಬ್ದ ಕೇಳಿ ಇಂಜೆಕ್ಟರ್ ಹೋಗಿದೆ ಎಂದೆ. ಟೆಕ್ನಿಷಿಯನ್ ಬಿಂದು ಸ್ಕ್ಯಾನರಿನ ವೈರು ಚುಚ್ಚಿ, ಸೆನ್ಸರ್ ಎಂದಳು. ಒಂದು ಚಾಯಕ್ಕೆ ಪಂಥ ಕಟ್ಟಿದೆವು. ಚಾಯ ನಾನೇ ಕುಡಿಸಿದೆ. ಸೋತದ್ದಕ್ಕೆ ಬೇಸರವಾಗಲಿಲ್ಲ ಮಾರಾಯ್ರೆ; ಇಂಜೆಕ್ಟರ್ ಬಿಚ್ಚಿ ಗಿರಾಕಿಯನ್ನು ಎರಡು ದಿನ ಕಾಯಿಸುವುದು ತಪ್ಪಿತಲ್ಲ. ಹೊಸ ಉಪಕರಣ ಬಂದಾಗ ಹಳಬರು ಮುಖ ಗಂಟಿಕ್ಕಿದರೆ ನೀವು ಒಂದು ಚಾಯ ಕೊಡಿಸಿ, ಸರಿಹೋಗುತ್ತಾರೆ.

ಆದರೆ ನಾನು ಕಾದಿದ್ದದ್ದು ಬಾಗಿಲಿಗೆ. ಶೋರೂಮಿಗೆ ಮೊದಲ ಗಾಡಿ ಬಂದ ದಿನವೇ ಫೋನು ಮಾಡಿದೆ. ಮರುದಿನ ಬೆಳಗ್ಗೆ ಆಂಟನಿಯೂ ಸೇರಿ ನಾಲ್ವರೂ ಬಂದರು. ಈ ಸಲ ಕೊಳ್ಳುವವಳು ಶೈಲಾ, ತನ್ನ ಸಂಬಳದಿಂದ. ತಂದೆ ಕೈ ಹಿಂದೆ ಕಟ್ಟಿಕೊಂಡು ದೂರ ನಿಂತರು. ಕುರಿಯನ್ ಸಾರ್ ಕ್ಯಾಬಿನ್ನಿನಿಂದ ಹೊರಗೆ ಬಂದು, ಎಲ್ಲಿಗೆ ಬೇಕಾದರೂ ಓಡಿಸಿ ನೋಡಿ ಎಂದು ಕೀಲಿಯನ್ನು ಆಂಟನಿಯ ಕೈಗಿಟ್ಟರು.

ನೆಲ ತಗ್ಗಾಗಿತ್ತು. ಬಾಗಿಲು ಹೊರಕ್ಕೆ, ಪೂರ್ತಿ ಅಗಲವಾಗಿ ತೆರೆಯಿತು. ನಡುವಿನ ಕಂಬದಲ್ಲಿ ಗಟ್ಟಿಯಾದ ಒಂದು ಹಿಡಿ. ಶೈಲಾ ಅದನ್ನು ಹಿಡಿದಳು, ಬಲಗಾಲು ಎತ್ತಿದಳು, ಹಳೆಯ ಅಭ್ಯಾಸದಂತೆ ಮುಂದಕ್ಕೆ ಬಾಗಿದಳು. ತಲೆ ಚೌಕಟ್ಟಿಗೆ ತಾಗಿತು. ಹಿಂದೆ ಬಂದಳು. ಮತ್ತೆ ಪ್ರಯತ್ನ, ಎಡಗಾಲಿನ ಪಟ್ಟಿ ಹೊಸ್ತಿಲಿಗೆ ಸಿಕ್ಕಿಕೊಂಡಿತು.

“ಸ್ಟೂಲ್ ತರಿಸ್ಲೇನವಾ?” ಎಂದರು ಗೌರಮ್ಮ, ಹೆದರುತ್ತ.

“ತಡಿಯವಾ.”

ಅವಳು ವ್ಯಾನಿನ ಸೀಟನ್ನು ಸುಮ್ಮನೆ ನೋಡುತ್ತ ನಿಂತಳು. ಆಮೇಲೆ ಅದಕ್ಕೆ ಬೆನ್ನು ತಿರುಗಿಸಿದಳು. ಹಿಡಿಯನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದು, ಕುರ್ಚಿಯಲ್ಲಿ ಕೂರುವ ಹಾಗೆ ಹಿಂದಕ್ಕೆ ಕೂತುಬಿಟ್ಟಳು. ಸೀಟು ಅವಳ ಸೊಂಟದ ಎತ್ತರಕ್ಕೇ ಇತ್ತು! ಕೂತ ಮೇಲೆ ಬಲಗಾಲನ್ನು ಒಳಗೆ ತಿರುಗಿಸಿದಳು, ಎಡಗಾಲನ್ನು ಕೈಯಿಂದ ಎತ್ತಿ ಅದರ ಪಕ್ಕದಲ್ಲಿಟ್ಟಳು, ಕೋಲನ್ನು ಮಡಿಲಿಗೆ ಎಳೆದುಕೊಂಡಳು. ಮೊದಲ ವ್ಯಾನಿಗೆ ನುಗ್ಗಬೇಕಾಗಿತ್ತು, ಎರಡನೆಯದಕ್ಕೆ ಹತ್ತಬೇಕಾಗಿತ್ತು, ಮೂರನೆಯದರಲ್ಲಿ ಕೂತರೆ ಸಾಕು. ಇಷ್ಟು ವರ್ಷ ಗಾಡಿಗಳ ನಡುವೆ ಇದ್ದೂ ನನಗದು ಹೊಳೆದಿರಲಿಲ್ಲ.

ಅವಳು ಬಾಗಿಲನ್ನು ತಾನೇ ಎಳೆದು ಮುಚ್ಚಿಕೊಂಡಳು. ‘ಟಪ್’ ಎಂಬ ಆ ಸಣ್ಣ ಶಬ್ದಕ್ಕೆ ಬಸವರಾಜಪ್ಪನವರು ಬೆನ್ನ ಹಿಂದೆ ಕಟ್ಟಿದ್ದ ಕೈ ಬಿಟ್ಟರು. ಗೌರಮ್ಮ ಗಾಜಿನ ಹತ್ತಿರ ಹೋಗಿ, “ಆತವಾ ಆತು, ಇನ್ನ ಇಳಿ. ಇಳಿಯೂದೂ ನೋಡೂನು,” ಎಂದರು.

ಗಾಜು ಕೆಳಗಿಳಿಯಿತು.

“ಇಳಿಯೂದು ಆಫೀಸಿನ್ಯಾಗ,” ಎಂದಳು ಶೈಲಾ. “ನನಗ ಹೊತ್ತಾತು. ಬರಾವರು ಕೂಡ್ರಿ.”